ಹಳೆಯ ಲಾರಿಗೆ ಹೊಸ ಜೀವ: ಮುಂಭಾಗ ಜೋಡಿಸುವ ಮುನ್ನ ತಿಳಿಯಬೇಕಾದದ್ದು

ಜೀರ್ಣೋದ್ಧಾರಗೊಂಡು ಫಳಫಳಿಸುವ ಹಳೆಯ ಲಾರಿಯೊಂದನ್ನು ಕಂಡವರು ಮೊದಲು ಮೆಚ್ಚುವುದು ಅದರ ಮುಂಭಾಗವನ್ನು. ಉಬ್ಬಿದ ಮಡ್‌ಗಾರ್ಡ್‌ಗಳು, ಗ್ಯಾರೇಜಿನವರ ಬಾಯಲ್ಲಿ ‘ಶೋ’ ಎನಿಸಿಕೊಳ್ಳುವ ಅಗಲವಾದ ಗ್ರಿಲ್, ದುಂಡನೆಯ ದೀಪಗಳು, ಮೂಗಿನಂತೆ ಮುಂದಕ್ಕೆ ಚಾಚಿದ ಬಾನೆಟ್ - ಆ ಕಾಲದ ಲಾರಿಯ ಮುಖವೆಂದರೆ ಇದೇ. ಆದರೆ ಇಷ್ಟೆಲ್ಲ ತಗಡಿನ ಭಾರವನ್ನು ಚಾಸಿಯ ಮೇಲೆ ಹಿಡಿದು ನಿಲ್ಲಿಸಿರುವುದು ಕಣ್ಣಿಗೆ ಬೀಳದ ಕೆಲವು ರಬ್ಬರ್ ತುಂಡುಗಳು, ಅಗಲ ವಾಷರ್‌ಗಳು ಹಾಗೂ ಬೆರಳೆಣಿಕೆಯ ಬೋಲ್ಟ್‌ಗಳು ಮಾತ್ರ.

ಲಾರಿಯ ಜೀರ್ಣೋದ್ಧಾರಕ್ಕೆ ತಗಲುವ ಒಟ್ಟು ವೆಚ್ಚದಲ್ಲಿ ಇವುಗಳ ಪಾಲು ಅತ್ಯಲ್ಪ. ಎಡವಟ್ಟಾಗುವುದು ಮಾತ್ರ ಬಹುತೇಕ ಇಲ್ಲಿಯೇ. ಹೊಸದಾಗಿ ಬೆಸುಗೆ ಹಾಕಿಸಿದ ರೇಡಿಯೇಟರ್ ಕೆಲವೇ ವಾರಗಳಲ್ಲಿ ಸೋರತೊಡಗುತ್ತದೆ. ಬಣ್ಣ ಬಳಿದ ಮಡ್‌ಗಾರ್ಡ್‌ನ ಮೂಲೆ ಬಿರುಕು ಬಿಡುತ್ತದೆ. ಬಾಗಿಲು ತೆರೆದಾಗ ಅದರ ಅಂಚು ಮಡ್‌ಗಾರ್ಡ್‌ಗೆ ತಾಗಿ ಬಣ್ಣ ಕೀಳುತ್ತದೆ. ಎಲ್ಲಕ್ಕಿಂತ ಅಪಾಯಕಾರಿಯಾದದ್ದೆಂದರೆ, ಕೊಂಡಿಗೆ ಸರಿಯಾಗಿ ಕೂರದ ಬಾನೆಟ್ ಓಡುತ್ತಿರುವಾಗಲೇ ಮೇಲೆದ್ದು ಚಾಲಕನ ಎದುರಿನ ಗಾಜನ್ನು ಮುಚ್ಚಿಬಿಡಬಹುದು. ಇವೆಲ್ಲವೂ ಬೇರೆ ಬೇರೆ ದೋಷಗಳಂತೆ ಕಂಡರೂ ಹಲವು ಬಾರಿ ಇವುಗಳ ಮೂಲ ಒಂದೇ: ಮುಂಭಾಗವನ್ನು ಚಾಸಿಗೆ ಕೂರಿಸಿದ ಬಗೆ.

ಉದಾಹರಣೆಗೊಂದು ಷೆವರ್ಲೆ

ಜಗತ್ತಿನಾದ್ಯಂತ ಹವ್ಯಾಸಿಗಳು ಹೆಚ್ಚಾಗಿ ಜೀರ್ಣೋದ್ಧಾರ ಮಾಡುವ ಹಳೆಯ ಲಾರಿಗಳಲ್ಲಿ ಅಮೆರಿಕದ ಷೆವರ್ಲೆ ‘ಅಡ್ವಾನ್ಸ್ ಡಿಸೈನ್’ ಸರಣಿಯದು ಪ್ರಮುಖ ಸ್ಥಾನ. ಎರಡನೇ ಮಹಾಯುದ್ಧದ ನಂತರ, 1947ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ಮಾರುಕಟ್ಟೆಗೆ ತಂದ ಈ ಸರಣಿ 1955ರ ಆರಂಭದವರೆಗೂ ತಯಾರಾಯಿತು. ಅರ್ಧ ಟನ್ ವರ್ಗದ 3100 ಮಾದರಿಯ ಪಿಕಪ್ ಇದರಲ್ಲಿ ಅತ್ಯಂತ ಜನಪ್ರಿಯ. 1953ರವರೆಗಿನ ಗಾಡಿಗಳ ಗ್ರಿಲ್‌ನಲ್ಲಿ ಐದು ಅಡ್ಡಪಟ್ಟಿಗಳಿದ್ದವು. 1954ರಲ್ಲಿ ಗ್ರಿಲ್‌ನ ವಿನ್ಯಾಸ ಬದಲಾಯಿತು, ಎರಡು ತುಂಡಿನ ಮುಂಗಾಜಿನ ಬದಲು ಒಂದೇ ಗಾಜು ಬಂತು. ಆರು ಸಿಲಿಂಡರ್‌ಗಳ ಎಂಜಿನ್, ಮುಂದೆಯೂ ಹಿಂದೆಯೂ ಪಟ್ಟೆ ಸ್ಪ್ರಿಂಗ್, ಏಣಿಯಾಕಾರದ ಉಕ್ಕಿನ ಚಾಸಿ, ಅದರ ಮೇಲೆ ಪ್ರತ್ಯೇಕವಾಗಿ ಕೂತ ಕ್ಯಾಬಿನ್ - ಇದು ಅದರ ಸರಳ ರಚನೆ.

ಈ ಬಗೆಯ ಗಾಡಿಗಳು ಭಾರತಕ್ಕೆ ಅಪರಿಚಿತವೇನಲ್ಲ. ಜನರಲ್ ಮೋಟಾರ್ಸ್ 1928ರಲ್ಲಿಯೇ ಮುಂಬೈನ ಸೇವ್ರಿಯಲ್ಲಿ ಜೋಡಣಾ ಘಟಕ ತೆರೆದಿತ್ತು. ದೇಶದಲ್ಲಿಯೇ ಬಿಡಿಭಾಗ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ ಅವಕಾಶವಿಲ್ಲ ಎಂಬ ನೀತಿಯನ್ನು ಕೇಂದ್ರ ಸರ್ಕಾರ 1953ರಲ್ಲಿ ತಳೆದ ನಂತರ, 1954ರಲ್ಲಿ ಆ ಘಟಕ ಬಾಗಿಲು ಮುಚ್ಚಿತು. ಅದೇ ವರ್ಷ ಜಮ್ಷೆಡ್‌ಪುರದಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದ ಟಾಟಾ ಲಾರಿಗಳ ತಯಾರಿಕೆ ಆರಂಭವಾಯಿತು. ಮೂತಿ ಮುಂದಕ್ಕೆ ಚಾಚಿದ ಆ ಲಾರಿಗಳಿಗೂ ಷೆವರ್ಲೆಗೂ ಅಳತೆಯಲ್ಲಿ ವ್ಯತ್ಯಾಸವಿರಬಹುದು. ಆದರೆ ಪ್ರತ್ಯೇಕ ಚಾಸಿಯ ಮೇಲೆ ಮುಂಭಾಗವನ್ನು ಕೂರಿಸುವ ತತ್ವ ಎರಡಕ್ಕೂ ಒಂದೇ.

ತಿರುಚುವ ಚಾಸಿ, ತಿರುಚಬಾರದ ರೇಡಿಯೇಟರ್

ಏಣಿಯನ್ನು ನೆಲದ ಮೇಲೆ ಮಲಗಿಸಿ ಅದರ ಒಂದು ಮೂಲೆಯನ್ನು ಮಾತ್ರ ಎತ್ತಿದರೆ ಇಡೀ ಏಣಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಲಾರಿಯ ಚಾಸಿಯೂ ಅಷ್ಟೆ. ಮುಂದಿನ ಒಂದು ಚಕ್ರ ಗುಂಡಿಗೆ ಇಳಿದು ಮತ್ತೊಂದು ದಿಣ್ಣೆ ಹತ್ತಿದಾಗ ಎಡ-ಬಲದ ಉದ್ದನೆಯ ತೊಲೆಗಳು ಒಂದೇ ಮಟ್ಟದಲ್ಲಿ ಉಳಿಯುವುದಿಲ್ಲ. ಇದು ದೋಷವಲ್ಲ, ಕೆಟ್ಟ ರಸ್ತೆಯಲ್ಲಿ ನಾಲ್ಕೂ ಚಕ್ರಗಳು ನೆಲ ಹಿಡಿದಿರಲೆಂದು ವಿನ್ಯಾಸಕಾರರು ಬೇಕೆಂದೇ ಬಿಟ್ಟ ಸಡಿಲಿಕೆ ಇದು.

ಆದರೆ ಈ ತಿರುಚುವಿಕೆ ಮೇಲಿನ ತಗಡಿಗೂ ರೇಡಿಯೇಟರ್‌ಗೂ ತಲುಪಬಾರದು. ಆ ಕಾಲದ ರೇಡಿಯೇಟರ್‌ಗಳು ತಾಮ್ರ ಮತ್ತು ಹಿತ್ತಾಳೆಯವು. ಅವುಗಳ ಕೊಳವೆಗಳನ್ನು ಮೇಲಿನ ಹಾಗೂ ಕೆಳಗಿನ ತೊಟ್ಟಿಗಳಿಗೆ ಸೀಸ-ತವರದ ಮೃದು ಬೆಸುಗೆಯಿಂದ ಕೂಡಿಸಲಾಗಿರುತ್ತದೆ. ಪದೇ ಪದೇ ಹಿಂಡಿದರೆ ಈ ಬೆಸುಗೆ ಮೊದಲು ಬಿರುಕು ಬಿಡುತ್ತದೆ. ಆದ್ದರಿಂದಲೇ ರೇಡಿಯೇಟರ್ ಅನ್ನು ಹಿಡಿದಿರುವ ಉಕ್ಕಿನ ಚೌಕಟ್ಟು ಚಾಸಿಯ ಮುಂದಿನ ಅಡ್ಡತೊಲೆಯ ಮೇಲೆ ನೇರವಾಗಿ ಕೂರದೆ ರಬ್ಬರಿನ ಮೇಲೆ ಕೂರುತ್ತದೆ. ಮಡ್‌ಗಾರ್ಡ್, ಗ್ರಿಲ್, ಒಳಗಿನ ಕೆಸರುತಡೆಗಳೆಲ್ಲ ಈ ಚೌಕಟ್ಟನ್ನೇ ಆಶ್ರಯಿಸಿರುತ್ತವೆ. ಹಿಂದುಗಡೆ ಅವು ಎಂಜಿನ್ ಹಾಗೂ ಕ್ಯಾಬಿನ್ ನಡುವಿನ ಉಕ್ಕಿನ ಗೋಡೆಗೆ ಅಂಟಿಕೊಳ್ಳುತ್ತವೆ. ಹೀಗೆ ಇಡೀ ಮುಂಭಾಗ ಹಿಂದೆ ಕ್ಯಾಬಿನ್‌ಗೆ ಕಚ್ಚಿಕೊಂಡು, ಮುಂದೆ ರಬ್ಬರಿನ ಮೇಲೆ ತೇಲುವ ಒಂದು ಘಟಕವಾಗುತ್ತದೆ.

ರಬ್ಬರ್ ಸಿಗಲಿಲ್ಲವೆಂದು ಚೌಕಟ್ಟನ್ನು ಚಾಸಿಗೆ ನೇರವಾಗಿ ಬೋಲ್ಟ್ ಮಾಡುವುದು ಅಥವಾ ‘ಗಟ್ಟಿಯಾಗಿರಲಿ’ ಎಂದು ಬೆಸುಗೆ ಹಾಕುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಆಗ ಚಾಸಿಯ ಪ್ರತಿಯೊಂದು ತಿರುಚೂ ರೇಡಿಯೇಟರ್‌ನ ಬೆಸುಗೆಯ ಮೇಲೆಯೇ ಎರಗುತ್ತದೆ. ಸೋರಿಕೆ ಸರಿಪಡಿಸಿದಷ್ಟೂ ಮರುಕಳಿಸುತ್ತದೆ. ತಪ್ಪು ರೇಡಿಯೇಟರ್ ಮೆಕ್ಯಾನಿಕ್‌ನ ತಲೆಗೆ ಬೀಳುತ್ತದೆ.

ಬಿಚ್ಚುವಾಗಲೇ ಅರ್ಧ ಕೆಲಸ

ಮುಂಭಾಗದ ಜೋಡಣೆಯ ಯಶಸ್ಸು ನಿರ್ಧಾರವಾಗುವುದು ಅದನ್ನು ಬಿಚ್ಚುವ ದಿನ. ಪ್ರತಿ ಬೋಲ್ಟ್ ತೆಗೆಯುವ ಮೊದಲು ಛಾಯಾಚಿತ್ರ ತೆಗೆಯಬೇಕು. ಬಾಗಿಲು-ಮಡ್‌ಗಾರ್ಡ್ ನಡುವಿನ ಸಂದು, ಬಾನೆಟ್-ಮಡ್‌ಗಾರ್ಡ್ ನಡುವಿನ ಸಂದುಗಳನ್ನು ಮೇಲೆ, ನಡುವೆ, ಕೆಳಗೆ - ಹೀಗೆ ಮೂರು ಕಡೆ ಅಳೆದು ಬರೆದಿಡಬೇಕು. ಚೌಕಟ್ಟಿನ ಕೆಳಗೆ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಪ್ಯಾಕಿಂಗ್ ತಗಡುಗಳಿದ್ದವು ಎಂಬ ಲೆಕ್ಕ ಅತ್ಯಗತ್ಯ. ಗ್ಯಾರೇಜ್‌ಗಳಲ್ಲಿ ಶಿಮ್ ಎಂದು ಕರೆಯುವ ಈ ತೆಳು ತಗಡುಗಳು ಕಸದಂತೆ ಕಂಡರೂ ಆ ಗಾಡಿಯ ಮುಂಭಾಗ ಹಿಂದೊಮ್ಮೆ ಹೇಗೆ ಹೊಂದಿಕೊಂಡಿತ್ತು ಎಂಬುದರ ದಾಖಲೆ ಅವು.

ಕೊಳೆತ ರಬ್ಬರ್ ಬುಷ್‌ಗಳನ್ನೂ ಎಸೆಯಬಾರದು. ಅವುಗಳ ಹೊರ ವ್ಯಾಸ, ರಂಧ್ರದ ಅಳತೆ, ಒಂದು ಬದಿಯ ಮೆಟ್ಟಿಲು, ಒಳಗಿನ ಉಕ್ಕಿನ ಸ್ಲೀವ್ - ಇವೆಲ್ಲ ಹೊಸದನ್ನು ಮಾಡಿಸುವವರಿಗೆ ಮಾದರಿಯಾಗುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು. ದಶಕಗಳ ಕಾಲ ಭಾರ ಹೊತ್ತ ರಬ್ಬರ್ ಚಪ್ಪಟೆಯಾಗಿರುತ್ತದೆ. ಅದರ ಈಗಿನ ದಪ್ಪವನ್ನೇ ಮೂಲ ದಪ್ಪವೆಂದು ತಿಳಿದರೆ ಹೊಸ ಬುಷ್ ತೆಳ್ಳಗಾಗಿ ಮುಂಭಾಗ ಕೆಳಗೆ ಕುಸಿಯುತ್ತದೆ. ಭಾರ ಬೀಳದ ಭಾಗದಲ್ಲಿ ಉಳಿದ ದಪ್ಪ ಅಥವಾ ಸ್ಲೀವ್‌ನ ಎತ್ತರ ನೋಡಿ ಮೂಲ ಅಳತೆ ಅಂದಾಜಿಸುವುದು ಸರಿಯಾದ ಕ್ರಮ.

ಬಣ್ಣ ಉಜ್ಜುವಾಗಲೂ ಜಾಗ್ರತೆ ಬೇಕು. ಆ ಕಾಲದ ಬಣ್ಣಗಳಲ್ಲಿ ಸೀಸದ ಅಂಶವಿರುವ ಸಾಧ್ಯತೆ ಹೆಚ್ಚು. ಒಣದಾಗಿ ಉಜ್ಜಿ ಧೂಳೆಬ್ಬಿಸುವುದರ ಬದಲು ನೀರು ಹಾಕಿ ಉಜ್ಜುವುದು, ಮುಖಕ್ಕೆ ಸೂಕ್ತ ಮುಸುಕು ಧರಿಸುವುದು ಒಳಿತು.

ರಬ್ಬರ್ ಎಂದರೆ ಎಲ್ಲವೂ ಒಂದೇ ಅಲ್ಲ

ಅಮೆರಿಕದಲ್ಲಿ ಈ ಷೆವರ್ಲೆ ಲಾರಿಗಳಿಗೆ ಬೇಕಾದ ಬುಷ್, ವಾಷರ್, ಬೋಲ್ಟ್‌ಗಳು ಹೊಸದಾಗಿ ತಯಾರಾಗಿ ಗಂಟಾಗಿಯೇ ಮಾರಾಟವಾಗುತ್ತವೆ. ಭಾರತದಲ್ಲಿ ಆ ಅನುಕೂಲ ಕಡಿಮೆ. ಇಲ್ಲಿ ಹಳೆಯ ಟೈರ್ ಅಥವಾ ಕನ್ವೇಯರ್ ಬೆಲ್ಟ್ ಕತ್ತರಿಸಿ ಪ್ಯಾಕಿಂಗ್ ಮಾಡುವುದು ಹಿಂದಿನಿಂದ ಬಂದ ರೂಢಿ. ಒಳಗೆ ನೂಲಿನ ಪದರವಿರುವ ಬೆಲ್ಟ್ ಹಾಸಿನಂತೆ ಚಪ್ಪಟೆಯಾಗಿ ಬಳಸುವ ಜಾಗಕ್ಕೆ ಒಂದು ಮಟ್ಟಿಗೆ ಸರಿ. ಆದರೆ ಮೇಲೊಂದು ಕೆಳಗೊಂದು ಬುಷ್ ಇದ್ದು ಬೋಲ್ಟ್ ನಡುವೆ ಹಾದುಹೋಗುವ ಕಡೆ ಅದು ಹೊಂದುವುದಿಲ್ಲ.

ನೈಸರ್ಗಿಕ ರಬ್ಬರ್ ಕುಲುಕಾಟವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೆ ಎಂಜಿನ್ ಆಯಿಲ್ ತಗಲಿದರೆ ಉಬ್ಬಿ ಮೆತ್ತಗಾಗುತ್ತದೆ. 1930ರ ದಶಕದಲ್ಲಿ ಬಳಕೆಗೆ ಬಂದ ನಿಯೋಪ್ರೀನ್ ಎಂಬ ಕೃತಕ ರಬ್ಬರ್ ಆಯಿಲ್ ಹಾಗೂ ಬಿಸಿಲನ್ನು ಅದಕ್ಕಿಂತ ಹೆಚ್ಚು ತಾಳಿಕೊಳ್ಳುತ್ತದೆ. ಪಾಲಿಯುರೇಥೇನ್ ಬುಷ್‌ಗಳು ಬಹುಕಾಲ ಬಾಳಿಕೆ ಬಂದರೂ ಸಾಮಾನ್ಯವಾಗಿ ಹೆಚ್ಚು ಗಡುಸು. ರೇಡಿಯೇಟರ್ ಚೌಕಟ್ಟಿನ ಕೆಳಗೆ ಗಡುಸು ಬುಷ್ ಹಾಕಿದರೆ ಕುಲುಕಾಟ ಮೇಲಕ್ಕೆ ದಾಟುತ್ತದೆ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಿ ಅಚ್ಚು ಮಾಡಿಸಿ ಬುಷ್ ತಯಾರಿಸಿಕೊಳ್ಳುವವರು ಅಳತೆಯ ಜೊತೆಗೆ ಗಡಸುತನವನ್ನೂ ಸೂಚಿಸಬೇಕಾಗುತ್ತದೆ.

ರಬ್ಬರಿನ ಇನ್ನೊಂದು ಗುಣವನ್ನು ಮರೆಯುವಂತಿಲ್ಲ. ಅದನ್ನು ಒತ್ತಿದರೆ ಆಕಾರ ಬದಲಾಗುತ್ತದೆಯೇ ಹೊರತು ಗಾತ್ರ ಬಹುತೇಕ ಕುಗ್ಗುವುದಿಲ್ಲ. ಮೇಲಿಂದ ಒತ್ತಿದಾಗ ಬದಿಗೆ ಉಬ್ಬಲು ಜಾಗ ಬೇಕು. ಜಾಗವೇ ಇಲ್ಲದಂತೆ ಬಿಗಿಯಾಗಿ ತುರುಕಿದ ಬುಷ್ ಮರದ ತುಂಡಿನಂತೆ ವರ್ತಿಸುತ್ತದೆ. ನಡುವಿನ ಉಕ್ಕಿನ ಸ್ಲೀವ್‌ನ ಕೆಲಸವೂ ಇದೇ: ನಟ್ ಬಿಗಿಸಿದಾಗ ಅದರ ಬಲ ಒಂದು ಹಂತದ ನಂತರ ಸ್ಲೀವ್ ಮೇಲೆ ನಿಲ್ಲುತ್ತದೆ, ರಬ್ಬರ್ ಅಪ್ಪಚ್ಚಿಯಾಗುವುದಿಲ್ಲ. ತುಕ್ಕು ಹಿಡಿದ ಸ್ಲೀವ್ ಎಸೆದು ಬರೀ ರಬ್ಬರ್ ಮೇಲೆ ನಟ್ ಬಿಗಿಸಿದರೆ, ಎಷ್ಟು ಬಿಗಿಸಬೇಕು ಎಂಬುದಕ್ಕೆ ಮಿತಿಯೇ ಉಳಿಯುವುದಿಲ್ಲ.

ಮೊದಲು ಕ್ಯಾಬಿನ್, ಆಮೇಲೆ ಮೂತಿ

ಜೋಡಣೆಗೆ ಮುನ್ನ ಚಾಸಿಯನ್ನು ಪರೀಕ್ಷಿಸಬೇಕು. ಎಡ ಮುಂದಿನ ಮೂಲೆಯಿಂದ ಬಲ ಹಿಂದಿನ ಮೂಲೆಗೆ, ಬಲದಿಂದ ಎಡಕ್ಕೆ ಅಳತೆಪಟ್ಟಿ ಹಿಡಿದು ನೋಡಿದಾಗ ಎರಡೂ ಕರ್ಣಗಳು ಸಮನಾಗಿರಬೇಕು. ಮುಂದಿನ ಅಡ್ಡತೊಲೆಯ ರಿವೆಟ್‌ಗಳ ಸುತ್ತ ಬಿರುಕಿದೆಯೇ ಎಂದು ಗಮನಿಸಬೇಕು. ಅಪಘಾತದಲ್ಲಿ ಬಾಗಿದ ಚಾಸಿಯನ್ನು ಪ್ಯಾಕಿಂಗ್ ತಗಡಿನಿಂದ ಸರಿದೂಗಿಸಲಾಗದು.

ಜೋಡಣೆ ನಡೆಯಬೇಕಾದದ್ದು ಗಾಡಿ ತನ್ನ ಚಕ್ರಗಳ ಮೇಲೆ ನಿಂತು, ಎಂಜಿನ್ ಸ್ವಸ್ಥಾನದಲ್ಲಿರುವಾಗ. ಚಾಸಿಯನ್ನು ನಡುವೆ ಜಾಕ್ ಕೊಟ್ಟು ಎತ್ತಿದ್ದರೆ ಅದು ಬಾಗುವ ರೀತಿಯೇ ಬೇರೆ. ಆಗ ಹೊಂದಿಸಿದ ಸಂದುಗಳು ಗಾಡಿಯನ್ನು ಇಳಿಸಿದ ಕೂಡಲೇ ಬದಲಾಗುತ್ತವೆ. ಎಂಜಿನ್‌ನ ಕೆಳಗಿನ ಬುಷ್‌ಗಳೂ ಸುಸ್ಥಿತಿಯಲ್ಲಿರಬೇಕು. ಫ್ಯಾನ್ ಇರುವುದು ಎಂಜಿನ್ ಮೇಲೆ, ರೇಡಿಯೇಟರ್ ಇರುವುದು ಚಾಸಿಯ ಮೇಲೆ. ಎಂಜಿನ್ ಕುಸಿದಿದ್ದರೆ ಫ್ಯಾನ್‌ನ ಅಲಗು ರೇಡಿಯೇಟರ್‌ಗೆ ತಾಗುವ ಅಪಾಯವಿದೆ.

ಅನುಭವಿಗಳು ಅನುಸರಿಸುವ ಕ್ರಮ ಹೀಗಿದೆ. ಮೊದಲು ಕ್ಯಾಬಿನ್ ಅನ್ನು ಅದರ ಬುಷ್‌ಗಳ ಮೇಲೆ ಕೂರಿಸಿ ಬಿಗಿಸಬೇಕು. ನಂತರ ಬಾಗಿಲುಗಳನ್ನು ಕ್ಯಾಬಿನ್‌ಗೆ ಹೊಂದಿಸಬೇಕು. ಬಾಗಿಲು ಸರಿಯಾಗದೆ ಮಡ್‌ಗಾರ್ಡ್ ಹೊಂದಿಸುವುದು ವ್ಯರ್ಥ; ಬಾಗಿಲನ್ನು ಆಮೇಲೆ ಸರಿಪಡಿಸಿದರೆ ಮತ್ತೆ ಎಲ್ಲವನ್ನೂ ಸಡಿಲಿಸಬೇಕಾಗುತ್ತದೆ. ಮೂರನೆಯದಾಗಿ ರೇಡಿಯೇಟರ್ ಚೌಕಟ್ಟನ್ನು ರಬ್ಬರ್ ಮೇಲಿಟ್ಟು ಬೋಲ್ಟ್‌ಗಳನ್ನು ಕೈಯಲ್ಲಿ ತಿರುಗುವಷ್ಟೇ ಬಿಗಿ ಮಾಡಬೇಕು. ಗಾಡಿ ಮಟ್ಟಸವಾದ ನೆಲದ ಮೇಲಿದ್ದರೆ ರಸಮಟ್ಟ ಹಾಗೂ ತೂಗುಗುಂಡಿನ ನೆರವಿನಿಂದ ಚೌಕಟ್ಟು ಒಂದು ಬದಿಗೆ ವಾಲಿಲ್ಲವೆಂದು ಖಚಿತಪಡಿಸಿಕೊಳ್ಳಬಹುದು. ಕ್ಯಾಬಿನ್‌ನ ಎರಡು ಮೂಲೆಗಳಿಂದ ಚೌಕಟ್ಟಿನ ಎದುರು ಮೂಲೆಗಳಿಗಿರುವ ಕರ್ಣಗಳನ್ನೂ ಹೋಲಿಸಬೇಕು.

ಅನಂತರ ಒಳಗಿನ ಕೆಸರುತಡೆ, ಮಡ್‌ಗಾರ್ಡ್, ಗ್ರಿಲ್, ಕೊನೆಯಲ್ಲಿ ಬಾನೆಟ್. ಎಲ್ಲ ಬೋಲ್ಟ್‌ಗಳೂ ತಮ್ಮ ರಂಧ್ರದಲ್ಲಿ ಸೇರುವವರೆಗೆ ಯಾವುದನ್ನೂ ಪೂರ್ತಿ ಬಿಗಿಸಬಾರದು ಎಂಬುದು ಇಲ್ಲಿನ ಮೂಲಮಂತ್ರ. ಮೊದಲ ಬೋಲ್ಟನ್ನೇ ಬಿಗಿಸಿದರೆ ಕೊನೆಯ ರಂಧ್ರಗಳು ಕೂಡುವುದಿಲ್ಲ. ಆಗ ರಂಧ್ರವನ್ನು ಅಗಲ ಮಾಡುವ ಅಥವಾ ಕಬ್ಬಿಣದ ಸಲಾಕೆಯಿಂದ ಮೀಟುವ ಪ್ರಲೋಭನೆ ಹುಟ್ಟುತ್ತದೆ. ಹಾಗೆ ಮೀಟಿ ಕೂರಿಸಿದ ತಗಡಿನಲ್ಲಿ ಉಳಿಯುವ ಒತ್ತಡವೇ ಮುಂದೆ ಬಿರುಕಾಗಿ ಪ್ರಕಟವಾಗುತ್ತದೆ.

ಈ ಇಡೀ ಜೋಡಣೆಯನ್ನು ಬಣ್ಣ ಬಳಿಯುವ ಮೊದಲು ಒಮ್ಮೆ ಪೂರ್ತಿಯಾಗಿ ಮಾಡಿ ನೋಡುವುದು ಜಾಣತನ. ಟಿಂಕರಿಂಗ್ ಕೆಲಸವೆಲ್ಲ ಆಗಲೇ ಮುಗಿಯಬೇಕು. ಬಣ್ಣವಾದ ಮೇಲೆ ಸುತ್ತಿಗೆಗೆ ಕೆಲಸವಿರಬಾರದು.

ಮೂರು ಮಿಲಿಮೀಟರ್‌ನ ಲೆಕ್ಕ

ಪ್ಯಾಕಿಂಗ್ ತಗಡು ಎಲ್ಲಿ ಹಾಕಿದರೆ ಏನಾಗುತ್ತದೆ ಎಂಬುದು ಸರಳ ರೇಖಾಗಣಿತ. ಚೌಕಟ್ಟಿನ ಕೆಳಗೆ ತಗಡು ಹಾಕಿದರೆ ಮಡ್‌ಗಾರ್ಡ್‌ನ ಮುಂತುದಿ ಮೇಲೇಳುತ್ತದೆ. ಅದರ ಹಿಂದಿನ ತುದಿ ಕ್ಯಾಬಿನ್‌ಗೆ ಕಚ್ಚಿಕೊಂಡಿರುವುದರಿಂದ ಇಡೀ ಮಡ್‌ಗಾರ್ಡ್ ಅಲ್ಲಿಯೇ ಸ್ವಲ್ಪ ತಿರುಗುತ್ತದೆ. ಪರಿಣಾಮವಾಗಿ ಬಾಗಿಲಿನ ಬಳಿ ಮೇಲಿನ ಸಂದು ಕಿರಿದಾಗುತ್ತದೆ, ಕೆಳಗಿನ ಸಂದು ಅಗಲವಾಗುತ್ತದೆ. ತಗಡು ತೆಗೆದರೆ ಇದಕ್ಕೆ ವಿರುದ್ಧ.

ಉದಾಹರಣೆಗೆ, ಚೌಕಟ್ಟು ಕ್ಯಾಬಿನ್‌ನಿಂದ 1,200 ಮಿ.ಮೀ. ಮುಂದಿದೆ, ಮಡ್‌ಗಾರ್ಡ್‌ನ ಹಿಂದಿನ ಅಂಚು 600 ಮಿ.ಮೀ. ಎತ್ತರವಿದೆ ಎಂದಿಟ್ಟುಕೊಳ್ಳೋಣ. ಮುಂದೆ 3 ಮಿ.ಮೀ. ತಗಡು ಹಾಕಿದರೆ ಬಾಗಿಲಿನ ಬಳಿ ಮೇಲಿನ ಹಾಗೂ ಕೆಳಗಿನ ಸಂದುಗಳ ನಡುವೆ 1.5 ಮಿ.ಮೀ. ವ್ಯತ್ಯಾಸವಾಗುತ್ತದೆ. ಸಂದು ಒಟ್ಟಾರೆ 4-5 ಮಿ.ಮೀ. ಇರುವಲ್ಲಿ ಇದು ಕಣ್ಣಿಗೆ ಹೊಡೆದು ಕಾಣುವಷ್ಟು. ಬಾಗಿಲಿನ ಬಳಿಯ ದೋಷಕ್ಕೆ ಮದ್ದು ಒಂದೂಕಾಲು ಮೀಟರ್ ದೂರದ ರಬ್ಬರಿನ ಕೆಳಗಿರಬಹುದು ಎಂಬುದು ಇದರ ತಾತ್ಪರ್ಯ. ಇದನ್ನರಿಯದವರು ಬಾಗಿಲಿನ ಕೀಲನ್ನೇ ಬಾಗಿಸಲು ಹೋಗುತ್ತಾರೆ.

ಅಂಗುಲದ ಬೋಲ್ಟ್, ಮೆಟ್ರಿಕ್ ನಟ್

ಅಮೆರಿಕದ ಹಳೆಯ ಗಾಡಿಗಳ ಬೋಲ್ಟ್‌ಗಳೆಲ್ಲ ಅಂಗುಲದ ಲೆಕ್ಕದವು. ಇಲ್ಲಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಮೆಟ್ರಿಕ್. 5/16 ಅಂಗುಲದ ಬೋಲ್ಟ್‌ನ ವ್ಯಾಸ 7.94 ಮಿ.ಮೀ.; 8 ಮಿ.ಮೀ. ಬೋಲ್ಟ್‌ಗೂ ಅದಕ್ಕೂ ಕಣ್ಣಳತೆಯಲ್ಲಿ ವ್ಯತ್ಯಾಸ ತಿಳಿಯದು. ಆದರೆ ಮೊದಲನೆಯದರಲ್ಲಿ ಅಂಗುಲಕ್ಕೆ 18 ಸುತ್ತುಗಳಿದ್ದು ಸುತ್ತಿನಿಂದ ಸುತ್ತಿಗೆ 1.41 ಮಿ.ಮೀ. ಅಂತರವಿರುತ್ತದೆ, ಎರಡನೆಯದರಲ್ಲಿ ಅದು 1.25 ಮಿ.ಮೀ. ಒಂದಕ್ಕೊಂದು ಹಾಕಿದರೆ ಮೊದಲ ಕೆಲವು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಬಿಗಿಯಾಯಿತೆಂಬ ಭ್ರಮೆ ಹುಟ್ಟುತ್ತದೆ, ವಾಸ್ತವವಾಗಿ ಮರೆ ಸವೆದುಹೋಗಿರುತ್ತದೆ.

ಬೋಲ್ಟ್‌ನ ಬಲವನ್ನು ಅದರ ತಲೆಯ ಮೇಲಿನ ಗುರುತೇ ಹೇಳುತ್ತದೆ. ಅಮೆರಿಕದ ಪದ್ಧತಿಯಲ್ಲಿ ಮೂರು ಗೆರೆಗಳಿದ್ದರೆ 5ನೇ ದರ್ಜೆ, ಆರು ಗೆರೆಗಳಿದ್ದರೆ 8ನೇ ದರ್ಜೆ. ಮೆಟ್ರಿಕ್‌ನಲ್ಲಿ ಇವಕ್ಕೆ ಸರಿಸುಮಾರು ಸಮನಾದವು 8.8 ಮತ್ತು 10.9. ಗುರುತಿಲ್ಲದ ಬೋಲ್ಟ್‌ಗಳನ್ನು ಭಾರ ಹೊರುವ ಜಾಗಕ್ಕೆ ಬಳಸದಿರುವುದು ಕ್ಷೇಮ. ಕುಲುಕಾಟಕ್ಕೆ ನಟ್ ಬಿಚ್ಚದಂತೆ ಸ್ಪ್ಲಿಟ್ ಪಿನ್ ಅಥವಾ ಲಾಕ್ ನಟ್ ಇರಲೇಬೇಕು.

ದೀಪ ಮಂಕಾಗಲು ರಬ್ಬರೂ ಕಾರಣ

ಹೊಸ ರಬ್ಬರ್ ಹಾಕಿ, ಎಲ್ಲ ಕಡೆ ದಪ್ಪನಾಗಿ ಬಣ್ಣ ಬಳಿದ ಮೇಲೆ ಮುಂದಿನ ದೀಪಗಳು ಮಂಕಾಗುವುದುಂಟು. ದೀಪದ ವಿದ್ಯುತ್ ಬ್ಯಾಟರಿಗೆ ಮರಳುವ ದಾರಿ ಗಾಡಿಯ ತಗಡು. ಬಣ್ಣವೂ ರಬ್ಬರೂ ವಿದ್ಯುತ್ತನ್ನು ತಡೆಯುತ್ತವೆ. 1955ರ ಆರಂಭದವರೆಗಿನ ಷೆವರ್ಲೆ ಲಾರಿಗಳದು 6 ವೋಲ್ಟ್ ವ್ಯವಸ್ಥೆ. ಅಲ್ಲಿ 36 ವ್ಯಾಟ್‌ನ ದೀಪಕ್ಕೆ 6 ಆಂಪಿಯರ್ ಹರಿಯಬೇಕು. 12 ವೋಲ್ಟ್‌ನಲ್ಲಾದರೆ 3 ಆಂಪಿಯರ್ ಸಾಕು. ದಾರಿಯಲ್ಲಿ ಕೇವಲ 0.1 ಓಮ್ ತಡೆ ಇದ್ದರೂ 6 ವೋಲ್ಟ್‌ನಲ್ಲಿ 0.6 ವೋಲ್ಟ್, ಅಂದರೆ ಹತ್ತನೇ ಒಂದು ಭಾಗ ನಷ್ಟ. ತಂತಿಯ ಬಲ್ಬ್‌ಗಳಲ್ಲಿ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಶೇ 30ರಷ್ಟು ಇಳಿಯುತ್ತದೆ. ರಾತ್ರಿ ಘಾಟಿ ರಸ್ತೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಎಂಜಿನ್, ಚಾಸಿ ಹಾಗೂ ರೇಡಿಯೇಟರ್ ಚೌಕಟ್ಟಿನ ನಡುವೆ ಹೆಣೆದ ತಾಮ್ರದ ಪಟ್ಟಿ ಹಾಕಿ, ಅದು ಕೂರುವ ಜಾಗದಲ್ಲಿ ಬಣ್ಣ ಕೆರೆಯುವುದು ಇದಕ್ಕಿರುವ ಸರಳ ಪರಿಹಾರ.

ಬಾನೆಟ್ ಕೊಂಡಿ: ಕೊನೆಯ ಪರೀಕ್ಷೆ

ಈ ಲಾರಿಗಳ ಬಾನೆಟ್‌ನ ಕೀಲು ಕ್ಯಾಬಿನ್ ಬಳಿ, ಕೊಂಡಿ ಗ್ರಿಲ್‌ನ ಬಳಿ. ಓಡುವಾಗ ಗಾಳಿ ಎದುರಿನಿಂದ ನುಗ್ಗುವುದರಿಂದ ಕೊಂಡಿ ಬಿಟ್ಟುಕೊಂಡರೆ ಬಾನೆಟ್ ತಾನಾಗಿಯೇ ಮೇಲೇಳುತ್ತದೆ. ಕೀಲು ಒಂದು ಘಟಕದಲ್ಲಿ, ಕೊಂಡಿ ರಬ್ಬರಿನ ಮೇಲಿನ ಇನ್ನೊಂದು ಘಟಕದಲ್ಲಿ ಇರುವುದರಿಂದ ಮುಂಭಾಗ ಕುಸಿದರೆ ಕೊಂಡಿಯ ಹಿಡಿತವೂ ಬದಲಾಗುತ್ತದೆ. ಆದ್ದರಿಂದ ಚೌಕಟ್ಟಿನ ಬೋಲ್ಟ್‌ಗಳನ್ನು ಅಂತಿಮವಾಗಿ ಬಿಗಿಸಿದ ಮೇಲಷ್ಟೇ ಕೊಂಡಿಯನ್ನು ಹೊಂದಿಸಬೇಕು. ಮುಖ್ಯ ಕೊಂಡಿ ಬಿಟ್ಟುಕೊಂಡರೂ ಬಾನೆಟ್ ಅನ್ನು ಹಿಡಿಯುವ ಎರಡನೇ ಕೊಕ್ಕೆ ಕೆಲಸ ಮಾಡುತ್ತಿದೆಯೇ ಎಂಬುದನ್ನು ಬೇರೆಯಾಗಿ ಪರೀಕ್ಷಿಸುವುದು ಕಡ್ಡಾಯ. ಪ್ರದರ್ಶನದಲ್ಲಿ ಬಾನೆಟ್ ತೆರೆಯಲು ಅಡ್ಡಿಯೆಂದು ಆ ಕೊಕ್ಕೆಯನ್ನು ಬಿಚ್ಚಿಡುವುದು ಪ್ರಾಣಕ್ಕೆ ಸಂಚಕಾರ.

ಮೂಲ ಸ್ವರೂಪ ಮತ್ತು ಕಾನೂನು

ಚಾಸಿಗೆ ಹೊಸ ರಂಧ್ರ ಕೊರೆಯುವ, ಬೆಸುಗೆ ಹಾಕುವ ಮುನ್ನ ಯೋಚಿಸಲು ಮತ್ತೊಂದು ಕಾರಣವೂ ಇದೆ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ರೂಪಿಸಿತು. 50 ವರ್ಷ ಮೀರಿದ, ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡಾಗದೆ ಮೂಲ ಸ್ವರೂಪದಲ್ಲಿ ಉಳಿದ ವಾಹನಗಳಿಗೆ ಮಾತ್ರ ಇದರ ಮಾನ್ಯತೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳನ್ನು ಆ ನಿಯಮ ನಿಗದಿಪಡಿಸಿತು. ದೈನಂದಿನ ಓಡಾಟಕ್ಕಾಗಲೀ ವಾಣಿಜ್ಯ ಉದ್ದೇಶಕ್ಕಾಗಲೀ ಇಂಥ ವಾಹನ ಬಳಸುವಂತಿಲ್ಲ. ನಿಯಮದ ವ್ಯಾಖ್ಯೆ ದ್ವಿಚಕ್ರ ವಾಹನಗಳು ಹಾಗೂ ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನಗಳನ್ನು ಕುರಿತದ್ದು. ಹೀಗಾಗಿ ಸರಕು ಸಾಗಣೆ ವಾಹನವೆಂದು ನೋಂದಣಿಯಾದ ಲಾರಿಯ ಮಾಲೀಕರು ಹಣ ಸುರಿಯುವ ಮುನ್ನವೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ನೋಂದಣಿಯ ಮಾತು ಹಾಗಿರಲಿ, ಮೂಲ ರಂಧ್ರದಲ್ಲಿ ಮೂಲ ಅಳತೆಯ ಬೋಲ್ಟ್ ಇದ್ದರೆ ಮುಂದಿನ ಪೀಳಿಗೆಯ ಮೆಕ್ಯಾನಿಕ್ ಅದನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲ. ಬೆಸುಗೆ ಹಾಕಿದ್ದನ್ನು ಕತ್ತರಿಸುವುದೊಂದೇ ದಾರಿ.

ಜೋಡಣೆ ಮುಗಿದ ದಿನಕ್ಕೇ ಕೆಲಸ ಮುಗಿಯುವುದಿಲ್ಲ. ಹೊಸ ರಬ್ಬರ್ ಭಾರಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ಓಡಾಟ ಬೇಕು. ಮೊದಲ ನೂರಿನ್ನೂರು ಕಿಲೋಮೀಟರ್ ಓಡಿದ ಬಳಿಕ ಎಲ್ಲ ನಟ್‌ಗಳನ್ನೂ ಮತ್ತೊಮ್ಮೆ ಪರೀಕ್ಷಿಸಿ, ಸಂದುಗಳನ್ನು ಅಳೆದು, ಬಾನೆಟ್ ಕೊಂಡಿ ಮತ್ತು ದೀಪಗಳ ದಿಕ್ಕನ್ನು ನೋಡಬೇಕು. ಬಿಚ್ಚುವ ದಿನ ಬರೆದಿಟ್ಟ ಅಳತೆಗಳ ಚೀಟಿ ಆಗ ಮತ್ತೆ ಕೈಗೆ ಬರುತ್ತದೆ. ಅದನ್ನು ಕಳೆಯದೆ ಇಟ್ಟುಕೊಂಡವರ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ.